ಇಡದ ಪಾದ

"ಇನ್ನೂ ಸಿಲ್ಕ್ ಬೋರ್ಡ್ ದಾಟಿಲ್ರೀ ಐನೋರ. ಗಾಡಿ ಮುಂದ ಸರಿವಲ್ದು. ನನ್ನ ಹಾದಿ ಕಾಯಬ್ಯಾಡ್ರಿ."

ಮಧ್ಯಾಹ್ನವೇ ನಾಗಸಂದ್ರ ಬಿಟ್ಟಿದ್ದ ಜಂಗಮರು ಇಷ್ಟು ಹೇಳಿ ಫೋನ್ ಇಟ್ಟರು. ಮುದಕಯ್ಯ ಪಶ್ಚಿಮಕ್ಕೆ ನೋಡಿದರು. ಅತ್ತಿಬೆಲೆಯ ಕಾರ್ಖಾನೆ ಶೆಡ್ಡುಗಳ ಮೇಲೆ ಹೊತ್ತು ಇನ್ನೊಂದು ಮಾರು ಉಳಿದಿತ್ತು. ನೀಲಗಿರಿ ತೋಪಿನ ಮೂಲೆಯಲ್ಲಿ ಗುಂಡಿ ತೋಡಿ ಮುಗಿದಿತ್ತು. ಅದರ ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಗುರುಸಿದ್ದವ್ವನನ್ನು ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡವಳು ಆಸ್ಪತ್ರೆಯ ಬಾಗಿಲನ್ನೂ ಮುಟ್ಟಿರಲಿಲ್ಲ.

ತೋಪಿನ ಒಡೆಯ, ಇವರ ವಠಾರದ ಒಡೆಯನೂ ಆದ ಚಿಕ್ಕಬೈರಪ್ಪ ಮೂರನೇ ಸಲ ಹತ್ತಿರ ಬಂದ. "ಅಯ್ನೋರೇ, ನಿಮ್ಗೆ ಜಾಗ ಇಲ್ಲ ಅನ್ನಕ್ಕಾಯ್ತದಾ? ಆದ್ರೆ ಒತ್ತು ಮುಳುಗೋದ್ರೊಳ್ಗೆ ಮುಗಿಸ್ಬುಡಿ. ಲೇಔಟ್ನೋರು ನೋಡುದ್ರೆ ರಂಪ ಮಾಡ್ತಾರೆ."

"ನೀವ ಪಾದ ಇಡ್ರಿ ಐನೋರ," ಎಂದರು ನೆರೆದವರು. "ಅವರ ಬರೂತನಾ ಯಾಕ ಕಾಯೂದು? ನೀವೇನು ಜಂಗಮರಲ್ಲೇನ್ರಿ?"

ಪಾದ ಎಂದರೆ ಸಣ್ಣ ಮಾತಲ್ಲ. ಲಿಂಗವಂತರು ಸತ್ತರೆ ಗುಂಡಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಕೊನೆಗೆ ಜಂಗಮ ತನ್ನ ಬಲಗಾಲನ್ನು ಹೆಣದ ತಲೆಗೆ ಮುಟ್ಟಿಸಬೇಕು. ಆಗಲೇ ಕೈಲಾಸದ ಬಾಗಿಲು ತೆರೆಯುವುದು. ಹಾಗೆಂದು ವಠಾರಕ್ಕೆಲ್ಲ ಸಾರಿದವರು ಮುದಕಯ್ಯನವರೇ. ವಾರವಿಡೀ ಬೋಲ್ಟು ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್, ಸಾವಾದರೆ ಐನೋರು. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದು ಇಲ್ಲೇ ಉಸಿರು ಬಿಟ್ಟ ಎಷ್ಟೋ ತಲೆಗಳ ಮೇಲೆ ಅವರು ಕಾಲಿಟ್ಟಿದ್ದರು.

ಸಾವು ಜಾತಿ ಕೇಳುವುದಿಲ್ಲ ಎನ್ನುತ್ತಾರೆ. ಹಸಿ ಸುಳ್ಳು! ಬಂದ ಕೂಡಲೇ ಅದು ಕೇಳುವುದೇ ಅದನ್ನು: ಮಲಗಿಸುತ್ತೀರೋ, ಕೂರಿಸುತ್ತೀರೋ, ಸುಡುತ್ತೀರೋ? ಉತ್ತರ ಕೊಡಲು ಈ ಭಾಗದ ವಠಾರಗಳಿಗೆ ಮೂವರಿದ್ದರು. ಮಸೀದಿಯ ಮದಾರ್ ಹಜರತ್, ಹಾರ್ಡ್‌ವೇರ್ ಅಂಗಡಿಯ ಮೇಲೆ ಶೀಟು ಹೊದಿಸಿದ ಚರ್ಚಿನ ಪಾಸ್ಟರ್ ಚಿರಂಜೀವಿ, ಮತ್ತೆ ಮುದಕಯ್ಯ. ಕೊರೊನಾ ವರ್ಷ ಸ್ವಂತ ಮಕ್ಕಳೇ ಹತ್ತಿರ ಸುಳಿಯದ ಹೆಣಗಳಿಗೆ ಹೆಗಲು ಕೊಟ್ಟವರು ಈ ಮೂವರು. ಅಂದಿನಿಂದ ಯಾರ ಮನೆಯಲ್ಲಿ ಸಾವಾದರೂ ಮೂವರೂ ಹಾಜರು. ಕುರ್ಚಿ ಪಾಸ್ಟರದು, ಹೆಣ ತೊಳೆಯುವ ಹಲಗೆ ಹಜರತರದು, ಓಡಾಟ ಐನೋರದು. "ನಮ್ಮ ಐನೋರಿಗೆ ಭೇದಭಾವ ಅಂದ್ರ ಗೊತ್ತಿಲ್ಲ" ಎಂದು ಜನ ಹಾಡಿ ಹೊಗಳುತ್ತಿದ್ದರು. ಆಗೆಲ್ಲ ಗುರುಸಿದ್ದವ್ವ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಗೆ ಹೋಗುತ್ತಿದ್ದಳು.

"ಹೆಂಡ್ತಿ ಅಂತ ಸಂಕಟ, ಪಾಪ," ಎಂದು ಯಾರೋ ಪಿಸುಗುಟ್ಟಿದರು. ಮುದಕಯ್ಯ ಪಾಸ್ಟರನ್ನೂ ಹಜರತರನ್ನೂ ಮರಗಳ ಹಿಂದಕ್ಕೆ ಕರೆದುಕೊಂಡು ಹೋದರು.

"ನನ್ನ ಕಾಲು ಅಕೀ ತಲೀಗೆ ಮುಟ್ಟಬಾರ್ದ್ರಿ," ಎಂದರು. "ಒಮ್ಮೆ ಮುಟ್ಟೇತಿ. ಒದ್ದೀನಿ ಅಕೀನ್ನ. ನಳದ ಕಟ್ಟಿಗೆ ಹಣಿ ಬಡದು ರಕ್ತ ಬಂದಿತ್ತು."

ಪಾಸ್ಟರು ಅವರ ಭುಜದ ಮೇಲೆ ಕೈಯಿಟ್ಟರು. "ಮನಸಾರೆ ಪಶ್ಚಾತ್ತಾಪ ಪಟ್ರೆ ದೇವ್ರು ಕ್ಷಮಿಸ್ತಾನೆ ಅಯ್ನೋರೆ. ನೀವು ಅಳ್ತಿದೀರಲ್ಲ, ಆಗ್ಲೇ ಕ್ಷಮಿಸ್ಬಿಟ್ಟಿದಾನೆ. ಹೋಗಿ, ಕಾರ್ಯ ಮುಗಿಸಿ."

ಹಜರತರು ಜಪಮಣಿ ತಿರುವುತ್ತ ನಿಂತಿದ್ದರು. ಸುಳ್ಳು ಸಮಾಧಾನ ಅವರಿಗೆ ಬರುತ್ತಿರಲಿಲ್ಲ. "ಅಲ್ಲಾಗೆ ಮಾಡಿದ ತಪ್ಪು ಅಲ್ಲಾ ಮಾಫ್ ಮಾಡ್ತಾನೆ. ಮನುಷ್ಯರಿಗೆ ಮಾಡಿದ್ದು ಆ ಮನುಷ್ಯರೇ ಮಾಫ್ ಮಾಡ್ಬೇಕು. ನಮ್ಮಲ್ಲಿ ಹಂಗೇ ಐನೋರೆ. ಭಾಭೀನ ಮಾಫಿ ಕೇಳಿದ್ರಾ?"

"ಇಲ್ರಿ. ಹನ್ನೆರಡು ವರ್ಷ ಆತು. ದಿನಾ ಎದ್ದು ಇವತ್ತು ಕೇಳಬೇಕು ಅಂತಿದ್ದೆ. ನಾಳೆ ಕೇಳಿದ್ರಾತು, ಎಲ್ಲಿ ಹೋಗ್ತಾಳ ಅಕಿ ಅಂತ..."

"ಯಾಕೆ ಒದ್ದಿದ್ರಿ?" ಎಂದರು ಹಜರತ್.

ಸುಳ್ಳು ಹೇಳಬಹುದಿತ್ತು. ಸಾರು ಉಪ್ಪಾಗಿತ್ತು ಎಂದಿದ್ದರೂ ನಡೆಯುತ್ತಿತ್ತು. ಆದರೆ ಹೆಣ ಅಲ್ಲಿ ಕೂತಿತ್ತು.

"ನಾವು ಹೊಸದಾಗಿ ಬಂದಿದ್ವಿ. ನಿಮ್ಮ ಮನಿಯವರು ಬಸುರಿ, ಬಿಸಿಲಾಗ ನಡದು ಸುಸ್ತಾಗಿ ನಮ್ಮ ಹೊಸ್ತಲದಾಗ ಕುಂತಿದ್ರು. ನೀರು ಕೇಳಿದ್ರು. ಇಕಿ ಕೈಗೆ ಸಿಕ್ಕದ್ದು ನನ್ನ ಪೂಜಾದ ಗಿಂಡಿ. ಅದ್ರಾಗ ಕೊಟ್ಟಳು. ಅದಕ್ಕ ಒದ್ದೆ. ಬುರ್ಖಾ ಅಷ್ಟ ಕಂಡಿತ್ತು, ಅವರು ಯಾರಂತ ನನಗ ಗೊತ್ತಿರಲಿಲ್ರಿ ಹಜರತ್. ಗೊತ್ತಿದ್ರೂ ಆವಾಗ ಒದೀತಿದ್ದೆ."

ಜಪಮಣಿ ನಿಂತಿತು. ಪಾಸ್ಟರು ನೆಲ ನೋಡಿದರು.

"ಆ ನೀರಿನ ಮಾತು ನನ್ನವಳು ಇವತ್ತೂ ಆಡ್ತಾಳೆ," ಎಂದರು ಹಜರತ್. ಗುಂಡಿಯ ಕಡೆಗೆ ನಡೆದರು.

ಗುರುಸಿದ್ದವ್ವನನ್ನು ಇಳಿಸಿ, ಪದ್ಮಾಸನ ಹಾಕಿಸಿ, ಬೆನ್ನನ್ನು ಮಣ್ಣಿಗೆ ಆನಿಸಿದರು. ಇಳಿಸಿದವರು ಹತ್ತಿ ಬಂದ ಮೇಲೆ ಎದೆಮಟ್ಟದ ಗುಂಡಿಗೆ ಮುದಕಯ್ಯ ಒಬ್ಬರೇ ಇಳಿದರು. ಅವಳ ಕೊರಳಿನ ಲಿಂಗ ಬಿಚ್ಚಿ ಎಡಗೈಯಲ್ಲಿಟ್ಟು ಬೆರಳು ಮಡಚಿದರು. ವಿಭೂತಿಯ ಅಡಿಯಿಂದ ಹುಬ್ಬಿನ ಮೇಲಿನ ಗಾಯದ ಗೆರೆ ಎದ್ದು ಕಾಣುತ್ತಿತ್ತು. ಪಾದ ಇಡದಿದ್ದರೆ ಇವಳ ಜೀವ ಎಲ್ಲಿ ಅಲೆದೀತು? ಇಡುವುದಾದರೆ ಈ ಕಾಲನ್ನೇ ಇಡಬೇಕಲ್ಲ, ಶಿವನೇ! ಒಂದು ಕೈಯನ್ನು ಗೋಡೆಗೆ ಊರಿ ಬಲಗಾಲನ್ನು ಎತ್ತಿದರು.

"ಅಪ್ಪಾ, ಆ ಕಾಲು ಬ್ಯಾಡ."

ಮಗಳು ಶೈಲಾ. ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹತ್ತೊಂಬತ್ತರ ಹುಡುಗಿ, ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಆ ಒದೆ ಬಿದ್ದ ದಿನ ಅವಳಿಗೆ ಏಳು ವರ್ಷ. ಮರೆತಿರುತ್ತಾಳೆ ಎಂದೇ ಮುದಕಯ್ಯ ಇಷ್ಟು ವರ್ಷ ನಂಬಿದ್ದರು.

"ಪಾದ ಇಡದಿದ್ರ ನಿಮ್ಮವ್ವಗ ಕೈಲಾಸ ಇಲ್ಲ ತಂಗಿ," ಎಂದರು.

"ಇಲ್ಲಂದ್ರ ಬಿಡು. ನಮ್ಮವ್ವ ಇನ್ನೊಮ್ಮೆ ನಿನ್ನ ಕಾಲಿಂದ ಒದಿ ತಿಂದು ಹೋಗೂದು ಬ್ಯಾಡ."

ಹೆದ್ದಾರಿಯಲ್ಲಿ ಹೊಸೂರಿನ ಲಾರಿಗಳು ಸಾಗುತ್ತಲೇ ಇದ್ದವು. ಎತ್ತಿದ ಕಾಲನ್ನು ಮುದಕಯ್ಯ ಮಣ್ಣಿಗೆ ಇಳಿಸಿದರು. ಆಮೇಲೆ ಆ ಇಕ್ಕಟ್ಟಿನಲ್ಲೇ ಮಂಡಿಯೂರಿ, ಮಡಚಿಟ್ಟ ಅವಳ ಪಾದಗಳಿಗೆ ಹಣೆ ಹಚ್ಚಿದರು. ಜಂಗಮ ಹೆಣಕ್ಕೆ ನಮಸ್ಕರಿಸುವುದುಂಟೇ! ಮೇಲಿದ್ದವರು ಬಾಯಿಗೆ ಸೆರಗು ಹಿಡಿದರು.

"ತಪ್ಪಾತು ಗುರುಸಿದ್ದವ್ವಾ," ಎಂದರು ಅವರು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ತುಸು ಹೊತ್ತು ಕಾದರು.

"ಒತ್ತಾಯ್ತು ಅಯ್ನೋರೇ," ಎಂದ ಚಿಕ್ಕಬೈರಪ್ಪ ಮೆತ್ತಗೆ.

ಮುದಕಯ್ಯ ಎದ್ದು, ಮೇಲೆ ಹತ್ತಲು ಮಗಳ ಕಡೆಗೆ ಎರಡೂ ಕೈ ಚಾಚಿದರು. ಶೈಲಾಳ ಮುಷ್ಟಿಯಲ್ಲಿ ಅವ್ವನಿಗೆ ಹಾಕುವ ಮಣ್ಣಿತ್ತು. ಅವಳು ಅದನ್ನು ಸಡಿಲಿಸಲಿಲ್ಲ. ಪಾಸ್ಟರು ಓಡಿ ಬಂದು ಎಡಗೈ ಹಿಡಿದು ಎಳೆದರು. ಒಂದೇ ಕೈಗೆ ಮೇಲೇಳುವ ಮೈಯಲ್ಲ ಅದು; ಸಡಿಲ ಮಣ್ಣಿನಲ್ಲಿ ಕಾಲು ಜಾರಿ ಮುದಕಯ್ಯ ಮತ್ತೆ ಕೆಳಗಿಳಿದರು. ಬಲಗೈ ಗುಂಡಿಯ ಅಂಚಿನಲ್ಲಿ ಹುಲ್ಲು ತಡಕಿತು.

ದೂರ ನಿಂತಿದ್ದ ಹಜರತರು ನಿಧಾನಕ್ಕೆ ಬಂದರು. ನೋಯುವ ಮಂಡಿಯನ್ನು ನೆಲಕ್ಕೆ ಊರಿ ಆ ಕೈಯ ಮಣಿಕಟ್ಟನ್ನು ಹಿಡಿದರು. ಐನೋರ ಮುಖ ನೋಡಲಿಲ್ಲ. ಕೆಳಗೆ ಕೂತಿದ್ದ ಗುರುಸಿದ್ದವ್ವನನ್ನೇ ನೋಡುತ್ತ, ಹಲ್ಲು ಕಚ್ಚಿ ಎಳೆದರು.