ಮಣ್ಣಿನ ಕನಕರಾಜ್

ಒದ್ದೆ ಗೋಣಿತಾಟು ಸರಿದ ಕೂಡಲೇ ಹಸಿಮಣ್ಣಿನ ವಾಸನೆ, ಆಮೇಲೆ ಟೋಪಿ, ಆಮೇಲೆ ಮೀಸೆ, ಎದೆಯ ಮೇಲೆ ವೀರಚಕ್ರ, ಥೇಟ್ ನಮ್ಮ ಕನಕನೇ ಕಣ್ರಪ್ಪ ಎಂದ ಈರಬಸಪ್ಪ ಮಾವ, ಹಿರಿಯೂರಿನ ಆ ತಗಡಿನ ಶೆಡ್ಡಿನಲ್ಲಿ ನಿಂತವರೆಲ್ಲ ಹೌದೌದು ಎಂದರು, ಅಂಜಲಿ ಮಾತ್ರ ಬಾಗಿಲ ಪಕ್ಕ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೋಡಿದಳು, ಇದು ಅಣ್ಣನಾ, ಈ ಗಲ್ಲ, ಈ ಗದ್ದದ ಗುಳಿ — ಇದು ತಾನಲ್ಲವೇ, ಶಿಲ್ಪಿ ಅಂಜನಾಚಾರಿ ಮೂರು ದಿನ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಫೋಟೋದಾಗೆ ಅರ್ಧ ಮುಖ ನೆಳ್ಳಾಗೈತೆ ಕಣವ್ವ, ನೀನು ಅವನ ಬೆನ್ನಿಗೆ ಹುಟ್ಟಿದೋಳು, ಒಸಿ ಈ ಕಡೆ ತಿರುಗು ಎಂದಿದ್ದರು, ಹುಟ್ಟಿದಾಗಿನಿಂದ ಯಾರೂ ಅಷ್ಟು ಹೊತ್ತು ಅವಳನ್ನು ನೋಡಿರಲಿಲ್ಲ, ನಾಚಿಕೆಗೆ ಕುತ್ತಿಗೆ ಬಿಸಿಯಾಗಿತ್ತು, ಈಗ ಅದೇ ಮುಖಕ್ಕೆ ಮೀಸೆ ಇಟ್ಟು ಜವನಗೊಂಡನಹಳ್ಳಿ ಸರ್ಕಲ್ಲಿನಲ್ಲಿ ನಿಲ್ಲಿಸುತ್ತಾರೆ, ನಾಳೆ ಅಚ್ಚು ತೆಗೆದು ಕಂಚು ಹೊಯ್ದರೆ ಮುಗಿಯಿತು, ಹೇಳವ್ವ, ನಿಮ್ಮಣ್ಣ ಹಿಂಗೇ ಇದ್ನಾ, ಎಂದು ಕೇಳಿದರು ಆಚಾರಿ.

ಹೇಗಿದ್ದ? ಕಣ್ಣು ಮುಚ್ಚಿದರೆ ಕನ್ನಡಿ ಬರುತ್ತದೆ, ಅದರೊಳಗೆ ತಾನೇ, ಶಾಲೆ ಬಿಟ್ಟ ದಿನ ಅಳಬ್ಯಾಡ ಕಣೇ ಕೋತಿ ಎಂದು ಜಡೆ ಎಳೆದ ಕೈ ನೆನಪಿದೆ, ಕುರಿಗಳ ಹಿಂದೆ ಹೋಗುವ ಕಂಬಳಿಯ ಬೆನ್ನು ನೆನಪಿದೆ, ಮುಖ ಇರಬೇಕಾದ ಕಡೆ ಮಣ್ಣು — ಭಯವೆಂಬುದನ್ನೇ ಅರಿಯದೆ ಗುಂಡಿನ ಮಳೆಯಲ್ಲಿ ಮೂವರನ್ನು ಹೊತ್ತು ತಂದ ಧೀರ, ಎಂದು ಮಾವ ಪದಕದ ಜೊತೆ ಬಂದ ಪತ್ರವನ್ನು ಹೋದಲ್ಲೆಲ್ಲ ಓದುತ್ತಾನೆ, ನಾಲ್ಕನೆಯವನಿಗಾಗಿ ಹೋದವನು ಬರಲೇ ಇಲ್ಲ, ಹಾಗಾದರೆ ಕೊನೇ ರಜೆಯಲ್ಲಿ ಮದುವೆಮನೆಯ ಪಟಾಕಿಗೆ ರಾಗಿಚೀಲಗಳ ಹಿಂದೆ ಅವಿತು ಕೂತವನು ಯಾರು, ಅಂಜೂ ಯಾರಿಗೂ ಹೇಳ್ಬ್ಯಾಡ ಕಣೇ, ಬಾಳ ಭಯ ಆಗ್ತೈತೆ, ಹಂಗಾರೆ ಹೋಗ್ಬ್ಯಾಡ ಬಿಡಣ್ಣ, ಹೋಗ್ದೆ ಹೆಂಗೇ, ಅಲ್ಲಿ ಜೊತೇಲಿರೋರು ಕಾಯ್ತಿರ್ತಾರೆ — ಹೆದರಿದವನು ಮೂವರನ್ನು ಹೊತ್ತನೇ, ಹೊರುವಾಗಲೂ ಹೆದರಿದ್ದನೇ, ಯಾರನ್ನು ಕೇಳುವುದು, ಆ ಮಾತು ಆಡುವಾಗ ಬಾಯಿ, ಹೌದು, ಬಾಯಿ, ಕೆಳತುಟಿ ಒಂಚೂರು ಇಳಿದಿತ್ತು, ಮಾತು ಮುಗಿದರೂ ಮುಚ್ಚಿರಲಿಲ್ಲ, ಅದೊಂದು ತನ್ನದಲ್ಲ, ಅವನದೇ, ಹೇಳಿದರೆ ಮಾವ, ವೀರ ಬಾಯಿ ಬಿಟ್ಕಂಡು ನಿಲ್ತಾನೇನೇ ಎನ್ನುತ್ತಾನೆ, ಹೇಳದಿದ್ದರೆ ಊರು ಹಾರ ಹಾಕುವುದು ತನಗೆ, ಅಣ್ಣ ಎಲ್ಲಿಯೂ ಇರುವುದಿಲ್ಲ,

ಪೊರೆ ಬಂದ ಕಣ್ಣಿನ ಅವ್ವ ಈರಕ್ಕ ಮಣ್ಣಿನ ಗಲ್ಲ ತಡವುತ್ತಿದ್ದಾಳೆ, ಇದ್ಯಾಕ್ಲಾ ತಮ್ಮಾ, ನಮ್ಮ ಅಂಜಿ ಇದ್ದಂಗೈತೆ, ಎಲ್ಲರೂ ನಕ್ಕರು, ಅಣ್ಣ ತಂಗಿ ಒಂದೇ ಅಚ್ಚಲ್ವೇನಕ್ಕಾ ಎಂದ ಮಾವ, ಅಂಜಲಿ ಯಾವಾಗ ಬಾಗಿಲು ಬಿಟ್ಟಳೋ ಅವಳಿಗೇ ತಿಳಿಯದು, ಹೆಬ್ಬೆರಳು ಮಣ್ಣಿನ ಕೆಳತುಟಿಯ ಮೇಲೆ, ಒತ್ತಿತು, ತುಟಿ ಇಳಿಯಿತು, ಲೇ ಲೇ, ಏನೇ ಮಾಡ್ದೆ ಎಂದ ಮಾವ, ಸುಮ್ಕಿರ್ರಿ ಎಂದರು ಆಚಾರಿ, ಅವ್ವನ ಬೆರಳು ಗಲ್ಲದಿಂದ ಮೂಗಿಗೆ, ಮೂಗಿನಿಂದ ಕೆಳಕ್ಕೆ ಇಳಿದು, ತೆರೆದ ತುಟಿಗೆ ಬಂದು ನಿಂತಿತು, ಮುಂದಕ್ಕೆ ಹೋಗಲಿಲ್ಲ, ಉಸಿರು ಬರುತ್ತದೋ ಎಂದು ನೋಡುವವರ ಬೆರಳಿನ ಹಾಗೆ, ಅಲ್ಲೇ, ಅವ್ವನ ಬೆರಳು, ಅಲ್ಲೇ —