ಆರನೆಯ ತಾರಸಿ

ನಮ್ಮ ಕಂಪನಿಯಲ್ಲಿ ಫೋನ್ ಎತ್ತುವವಳು ನಾನು. ಕಂಪನಿ ದೊಡ್ಡದೇನಲ್ಲ. ನನ್ನ ತಂಗಿಯ ಮಗಳು ಅದರ ಯಜಮಾನಿ, ತಾರಸಿಯ ಮೇಲೆ ಸೋಲಾರ್ ಫಲಕ ಕೂರಿಸುವ ಇಬ್ಬರು ಕೆಲಸಗಾರರು, ಅವರ ಮೇಲೊಬ್ಬ ಮೇಸ್ತ್ರಿ, ಆಮೇಲೆ ನಾನು. ಗಿರಾಕಿಗಳಿಗೆ ಕೊಡುವ ಕಾಗದದ ಮೇಲೆ ‘ಇಪ್ಪತ್ತೈದು ವರ್ಷ ನಿಮ್ಮ ಜೊತೆಗೆ’ ಎಂದು ಅಚ್ಚಾಗಿದೆ. ನನಗೀಗ ಎಪ್ಪತ್ತೊಂದು. ಒಮ್ಮೆ ಒಬ್ಬಾಕೆ, “ಅಲ್ರೀ, ಇಪ್ಪತ್ತೈದು ವರ್ಷವೂ ನೀವೇ ಫೋನ್ ಎತ್ತೋದಾ?” ಎಂದು ಕೇಳಿದಳು. “ಪ್ರಯತ್ನ ಮಾಡ್ತೀನಮ್ಮ” ಎಂದೆ. ಬೇರೇನು ಹೇಳಲಿ?

ಕಾಲೇಜು ಲೈಬ್ರರಿಯಲ್ಲಿ ಮೂವತ್ತು ವರ್ಷ ಕಾರ್ಡು ಬರೆದ ಕೈ ಸುಮ್ಮನಿರುವುದಿಲ್ಲ. ಫಲಕ ಹಾಕಿದ ಪ್ರತಿ ಮನೆಗೂ ಒಂದು ಕಾರ್ಡು ಮಾಡಿದ್ದೇನೆ. ಮುಂದುಗಡೆ ತಾರೀಖು, ಫಲಕಗಳ ಸಂಖ್ಯೆ. ಹಿಂದುಗಡೆ ನನಗೆ ತೋಚಿದ್ದು. ‘ನಾಯಿ ಕಚ್ಚುವುದಿಲ್ಲ, ನೆಕ್ಕುತ್ತದೆ.’ ‘ಅಜ್ಜನಿಗೆ ಕಿವಿ ಮಂದ, ಮೂರು ಸಲ ಬೆಲ್ ಒತ್ತಬೇಕು.’ ‘ಈ ಮನೆಯಾಕೆ ಕೆಲಸದವರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿದಳು.’

“ದೊಡ್ಡಮ್ಮ, ಇದು ಸರ್ವಿಸ್ ಕಾರ್ಡೋ, ಊರೋರ ಮನೆ ಸುದ್ದಿಯೋ?” ಎಂದು ನನ್ನ ತಂಗಿಯ ಮಗಳು ಆಡಿಕೊಳ್ಳುತ್ತಾಳೆ.

“ಎರಡೂ” ಎನ್ನುತ್ತೇನೆ.

ಮೇಸ್ತ್ರಿಯನ್ನು ನಾವೆಲ್ಲ ಕರೆಯುವುದು ‘ಕ್ಲಿಕ್’ ಎಂದು. ಎರಡು ತಂತಿಗಳನ್ನು ಸೇರಿಸಲು ಹೆಬ್ಬೆರಳು ಗಾತ್ರದ ಕಪ್ಪು ಪ್ಲಾಸ್ಟಿಕ್ ಕೊಂಡಿಯೊಂದಿರುತ್ತದೆ. ಒಂದು ಅರ್ಧವನ್ನು ಇನ್ನೊಂದರೊಳಗೆ ತಳ್ಳಿದರೆ ಕ್ಲಿಕ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಅವನಿಗೆ ಲೋಕದ ಚಿಂತೆಯೇ ಇರುತ್ತಿರಲಿಲ್ಲ. “ಕ್ಲಿಕ್ ಅಂತಲ್ಲ, ಮುಗೀತು ಬಿಡಿ” ಎನ್ನುತ್ತ ಇಳಿದುಬಿಡುತ್ತಿದ್ದ.

ಆ ಮಂಗಳವಾರ ಬೆಳಿಗ್ಗೆ ಸುರಕ್ಷತಾ ತಪಾಸಣೆಯ ಅಧಿಕಾರಿ ನಮ್ಮ ಕಚೇರಿಗೆ ಬಂದರು. ಸಣಕಲು ಹೆಂಗಸು, ಕಂಕುಳಲ್ಲಿ ಹೆಲ್ಮೆಟ್ಟು. ನಾವು ಆರು ವರ್ಷದ ಹಿಂದೆ ಕೆಲಸ ಮಾಡಿದ್ದ ಒಂದು ತಾರಸಿಯಿಂದ ಬಿಚ್ಚಿ ತಂದಿದ್ದ ಕೊಂಡಿಯನ್ನು ಮೇಜಿನ ಮೇಲಿಟ್ಟರು.

“ಈ ಅರ್ಧ ಒಂದು ಕಂಪನಿದು. ಆ ಅರ್ಧ ಇನ್ನೊಂದು ಕಂಪನಿದು. ಎರಡೂ ಒಂದೇ ಕಂಪನಿದಾಗಿರಬೇಕು ಅಂತ ನಿಯಮ ಇದೆ. ನೋಡೋಕೆ ಕೂತ ಹಾಗೇ ಇರತ್ತೆ, ಒಳಗೆ ಕೂದಲೆಳೆಯಷ್ಟು ವ್ಯತ್ಯಾಸ. ವರ್ಷ ಕಳೆದ ಹಾಗೆ ಬಿಸಿಯಾಗತ್ತೆ. ಒಂದಿನ ಹೊತ್ಕೊಳ್ಳತ್ತೆ. ಇದನ್ನ ಹಾಕಿದ್ದು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕ್ಲಿಕ್ ತನ್ನ ಅಂಗಿಯ ಜೇಬು ಮುಟ್ಟಿಕೊಂಡ. ಅವನ ಪರವಾನಗಿ ಕಾರ್ಡು ಇರುವುದು ಅಲ್ಲಿ. ಆ ಕಾರ್ಡು ಇದ್ದವನ ಸಹಿ ಇಲ್ಲದೆ ಯಾವ ತಾರಸಿಯ ಮೇಲೂ ವಿದ್ಯುತ್ ಹರಿಸುವಂತಿಲ್ಲ. ಎರಡು ಸಲ ಫೇಲಾಗಿ, ಮೂರನೆಯ ಸಲ ಅವನು ಪರೀಕ್ಷೆ ಪಾಸು ಮಾಡಿದಾಗ ನಲವತ್ತು ತುಂಬಿತ್ತು.

“ನಾನೇ ಮೇಡಂ. ಸ್ಟಾಕ್ ಮುಗಿದಿತ್ತು. ಗಿರಾಕಿಗಳು ಅವಸರ ಮಾಡ್ತಿದ್ರು. ಬೇರೆ ಅಂಗಡಿಯಿಂದ ಹನ್ನೆರಡು ತಂದೆ. ತಾರಸಿಗೆ ಎರಡರ ಹಾಗೆ ಹಾಕಿದೆ. ಕ್ಲಿಕ್ ಅಂತು ಮೇಡಂ...”

“ಕಪಾಟಿನ ಬಾಗಿಲೂ ಕ್ಲಿಕ್ ಅನ್ನತ್ತೆ” ಎಂದರು ಅಧಿಕಾರಿ. “ಕೊಡಿ ಕಾರ್ಡು. ಒಂದು ತಾರಸಿ ನಾನು ಹುಡುಕಿದೆ. ಉಳಿದ ಐದು ನೀವು ಹುಡುಕಿ ಸರಿ ಮಾಡಿ, ಅವಕ್ಕೆ ಸಹಿ ನಾನು ಹಾಕ್ತೀನಿ. ಶನಿವಾರ ಸಂಜೆ ಐದರೊಳಗೆ ಹನ್ನೆರಡೂ ನನ್ನ ಕೈಗೆ ಬರಬೇಕು. ಬರದಿದ್ರೆ ಇದು ರದ್ದು. ಆಮೇಲೆ ಬೇರೆಯವರ ಕೈಕೆಳಗೆ ತಂತಿ ಎಳೀರಿ.”

ಅವರು ಹೋದ ಮೇಲೆ ನನ್ನ ತಂಗಿಯ ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳು. ಫಲಕಗಳ ನಂಬರಿತ್ತು, ಕೊಂಡಿಗಳದ್ದಿರಲಿಲ್ಲ. ನಾನು ಡಬ್ಬಿ ತೆಗೆದು ಆ ತಿಂಗಳ ಕಾರ್ಡುಗಳನ್ನು ಮಗುಚಿ ಹಾಕಿದೆ. ಒಂದರ ಹಿಂದೆ ಹೀಗಿತ್ತು: ‘ಮೇಸ್ತ್ರಿ ತಡವಾಗಿ ಬಂದ. ಕೊಂಡಿ ಮುಗಿದು ಬೇರೆ ಅಂಗಡಿಗೆ ಹೋಗಿದ್ದನಂತೆ. ಮನೆಯವರು ಬೈಯಲಿಲ್ಲ.’ ಆ ದಿನದಿಂದ ಹೊಸ ಸ್ಟಾಕ್ ಬರುವವರೆಗೆ ಲೆಕ್ಕ ಹಾಕಿದರೆ ಸರಿಯಾಗಿ ಆರು ಕಾರ್ಡು.

“ಊರೋರ ಮನೆ ಸುದ್ದಿ” ಎಂದೆ. ಅವಳು ನನ್ನ ಕುರ್ಚಿಯ ಹತ್ತಿರಕ್ಕೆ ಫ್ಯಾನು ತಿರುಗಿಸಿದಳು.

ಮನೆ ಸಿಕ್ಕಿದರೆ ಕೆಲಸ ಆದ ಹಾಗೆ ಎಂದುಕೊಂಡಿದ್ದೆ. ಆದರೆ ತಪ್ಪು ನಮ್ಮದು, ಪುಕ್ಕಟೆಯಾಗಿ ಸರಿಮಾಡಿಕೊಡುತ್ತೇವೆ ಎಂದು ಫೋನ್ ಮಾಡಿದರೆ ಒಬ್ಬರಾದರೂ ನಂಬಬೇಕಲ್ಲ!

ಟೈಲರ್ ಒಬ್ಬರು, “ಈ ಆಟ ನನ್ನ ಹತ್ರ ಬೇಡ. ನಾನು ಯಾವ ನಂಬರೂ ಹೇಳಲ್ಲ” ಎಂದರು.

“ನಾನು ಯಾವ ನಂಬರೂ ಕೇಳಿಲ್ವಲ್ಲ ಸ್ವಾಮಿ.”

“ಆಮೇಲೆ ಕೇಳ್ತೀರ. ಗೊತ್ತಿದೆ.”

ಶಾಲೆಯ ಟೀಚರ್ ಒಬ್ಬಳು ಎಲ್ಲವನ್ನೂ ಕೇಳಿಸಿಕೊಂಡು, “ಆರೇ ವರ್ಷಕ್ಕೆ ತಪ್ಪು ಒಪ್ಕೊಂಡ್ರಾ? ನಮ್ಮನೆಯವರು ಇಪ್ಪತ್ತು ವರ್ಷ ಆದ್ರೂ ಒಪ್ಕೊಂಡಿಲ್ಲ. ಬನ್ನಿ ಬನ್ನಿ, ಅವರೆದುರಿಗೆ ಇನ್ನೊಂದ್ಸಲ ಹೇಳಿ” ಎಂದಳು. ಕ್ಲಿಕ್ ಹೋಗಿ ಹೇಳಿಯೂ ಬಂದ. ಗಂಡ ಎನ್ನಿಸಿಕೊಂಡವರು ಪೇಪರ್ ಮುಖಕ್ಕೆ ಹಿಡಿದು ಕೂತಿದ್ದರಂತೆ.

ನೆಕ್ಕುವ ನಾಯಿಯ ಮನೆಯಲ್ಲಿ ತೊಂದರೆಯಾಗಲಿಲ್ಲ, ನಾಯಿಗೆ ಅವನ ನೆನಪಿತ್ತು. ಟೈಲರ್ ಕೊನೆಗೆ ಒಪ್ಪಿದರು. ಅಷ್ಟೇ ಅಲ್ಲ, ಹರಿದಿದ್ದ ಕ್ಲಿಕ್‌ನ ಅಂಗಿಯ ತೋಳನ್ನು ಅವನು ತಾರಸಿಯಿಂದ ಇಳಿದ ಮೇಲೆ ಹೊಲಿದುಕೊಟ್ಟರು. ಶುಕ್ರವಾರ ಸಂಜೆಗೆ ನಾಲ್ಕು ತಾರಸಿ ಮುಗಿದವು. ಅಧಿಕಾರಿ ಬಿಚ್ಚಿದ ಎರಡೂ ಸೇರಿ ಹತ್ತು ಕೊಂಡಿ. ಅವುಗಳಲ್ಲಿ ನಾಲ್ಕು ಕಂದು ಬಣ್ಣಕ್ಕೆ ತಿರುಗಿದ್ದವು. ಕ್ಲಿಕ್ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

ಆರನೆಯ ತಾರಸಿ ನಿವೃತ್ತ ಬಸ್ ಕಂಡಕ್ಟರೊಬ್ಬರದು. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಒಂದೇ ಮಾತು: “ಚೆನ್ನಾಗಿ ನಡೀತಿದೆ. ಮುಟ್ಟೋದು ಬೇಡ.” ಅವರ ಮೊಲಕ್ಕೆ ಮೂರೇ ಕಾಲು. ಶನಿವಾರ ನಾನೂ ಕ್ಲಿಕ್ ಜೊತೆ ಹೊರಟೆ.

ಕಂಡಕ್ಟರ್ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆಯೇ ಕೂತಿದ್ದರು.

“ಆರು ವರ್ಷ ಆದ್ಮೇಲೆ ನೀವಾಗೇ ಬಂದಿದೀರ ಅಂದ್ರೆ ಏನೋ ಇದೆ. ನಿಮಗೇನು ಲಾಭ ಇದರಲ್ಲಿ?”

ನಾನು ಸುರಕ್ಷತೆ, ಜವಾಬ್ದಾರಿ ಎಂದೆಲ್ಲ ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು. “ನೀವು ಸುಮ್ನಿರೀಮ್ಮ. ಅವನು ಹೇಳಲಿ.”

“ನನ್ನ ಕಾರ್ಡು ಕಿತ್ಕೊಂಡಿದಾರೆ ಸಾರ್” ಎಂದ ಕ್ಲಿಕ್. “ನಿಮ್ಮ ತಾರಸಿ ಸರಿ ಮಾಡಿದ್ರೆ ವಾಪಸ್ ಸಿಗತ್ತೆ. ಇಲ್ದಿದ್ರೆ ಇಲ್ಲ. ಅದೇ ಲಾಭ.”

ಕಂಡಕ್ಟರ್ ಕುರ್ಚಿ ಪಕ್ಕಕ್ಕೆ ಸರಿಸಿದರು. “ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ! ಜವಾಬ್ದಾರಿಯಂತೆ ಜವಾಬ್ದಾರಿ. ಹತ್ತು ಮೇಲೆ.”

ನಾವು ಮೂವರೂ ಹತ್ತಿದೆವು. ಕ್ಲಿಕ್ ಸ್ವಿಚ್ಚು ಆರಿಸಿ ಕೊಂಡಿಗಳನ್ನು ಬಿಚ್ಚಿದ. ಕನ್ನಡಕ ಮೇಲೆ ಮಾಡಿ ನೋಡಿದ, ಕೆಳಗೆ ಮಾಡಿ ನೋಡಿದ. ಎರಡು ಅರ್ಧಗಳ ಮೇಲೂ ಒಂದೇ ಕಂಪನಿಯ ಗುರುತಿತ್ತು. ಎಲ್ಲ ಸರಿಯಾಗಿತ್ತು.

“ಸರಿಯಾಗಿರದೆ ಏನು!” ಎಂದರು ಕಂಡಕ್ಟರ್. “ಅವತ್ತು ನೀನು ತಂದಿದ್ದರ ಮೇಲೆ ಎರಡು ಬೇರೆ ಬೇರೆ ಹೆಸರಿತ್ತು. ನಾನು ಹತ್ಸಿಲ್ಲ. ಸರಿಯಾದ್ದು ತಂದ್ಮೇಲೇ ಮೇಲೆ ಬಿಟ್ಟಿದ್ದು. ಮರ್ತುಬಿಟ್ಯಾ? ಎಷ್ಟು ಬೈಕೊಂಡು ಹೋದೆ ನನ್ನ!”

ಕ್ಲಿಕ್ ನೀರಿನ ಟ್ಯಾಂಕಿಗೆ ಒರಗಿ ಕೂತ. ಹಾಗಾದರೆ ಉಳಿದ ಎರಡು ಕೊಂಡಿ ಎಲ್ಲಿ? ಗಂಟೆ ಮೂರಾಗಿತ್ತು.

“ಅಮ್ಮ” ಎಂದ ಮೆಲ್ಲಗೆ. “ಇನ್ನೆರಡು ಕೊಂಡಿ ಗೋದಾಮಿನಲ್ಲೇ ಹಾಗೆ ಜೋಡಿಸಿ ಹಳೇದು ಅಂತ ಕೊಟ್ಬಿಟ್ರೆ? ಅದೇ ಕಂಪನಿದು ಇನ್ನೂ ಸಿಗತ್ತೆ. ಹನ್ನೆರಡು ಆಗೋಗತ್ತೆ.”

ನಾನು ಬಾಯಿ ತೆರೆಯುವ ಮೊದಲೇ ಅವನೇ ತಲೆಯಾಡಿಸಿದ. “ಬೇಡ. ಯಾರ ಮನೆ ಮೇಲಿದೆಯೋ ಏನೋ. ಮಕ್ಕಳು ಮಲಗೋ ಮನೆ ಇರಬೋದು.”

ಕಂಡಕ್ಟರ್ ಕೆಳಗೆ ಹೋಗಿ ಒಂದು ಚೊಂಬು ನೀರು, ಮೂರು ಲೋಟ ತಂದರು. ಮೊದಲ ಲೋಟ ಅವನಿಗೇ ಕೊಟ್ಟರು.

“ನೋಡಪ್ಪ, ಬಸ್ಸಲ್ಲಿ ಯಾರಾದ್ರೂ ಕೊಡೆ ಕಳಕೊಂಡ್ರೆ ಹಿಂದಿನ ಸೀಟಿಂದ ಮುಂದಿನ ಸೀಟಿನವರೆಗೂ ಹುಡುಕ್ತಿದ್ದೆ. ಎಷ್ಟೋ ಸಲ ಅದು ನಾನು ಕೂತಿದ್ದ ಸೀಟಿನ ಕೆಳಗೇ ಇರ್ತಿತ್ತು.”

ಕ್ಲಿಕ್ ಲೋಟ ಕೆಳಗಿಟ್ಟ. ನನ್ನ ಮುಖ ನೋಡಿದ.

“ಅಮ್ಮ, ನಮ್ಮ ಆಫೀಸಿಗೆ ಕಾರ್ಡಿದೆಯಾ?”

ಇರಲಿಲ್ಲ. ನಮಗೆ ನಾವೇ ಯಾಕೆ ಕಾರ್ಡು ಬರೆದುಕೊಳ್ಳುತ್ತೇವೆ? ಇಲ್ಲಿಂದ ಬೈದುಕೊಂಡು ಹಿಂದೆ ಹೋದ ದಿನ ಮಿಕ್ಕ ಎರಡನ್ನು ಅವನು ನಮ್ಮ ತಾರಸಿಗೇ ಹಾಕಿ ಮುಗಿಸಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುವುದಿಲ್ಲ.

ನಾವು ತಲುಪಿದಾಗ ನಾಲ್ಕೂವರೆ. ಅಧಿಕಾರಿ ಆಗಲೇ ಬಂದು ನನ್ನ ಮೇಜಿನ ಹತ್ತಿರ ಕೂತು ಕಾರ್ಡುಗಳ ಹಿಂಬದಿ ಓದುತ್ತಿದ್ದರು. ಕ್ಲಿಕ್ ಅವರಿಗೆ ನಡೆದದ್ದನ್ನು ಒಂದೂ ಬಿಡದೆ ಹೇಳಿದ, ಗೋದಾಮಿನ ಯೋಚನೆಯನ್ನೂ ಸೇರಿಸಿ. ಎಲ್ಲರೂ ತಾರಸಿಗೆ ಹೋದೆವು. ಫಲಕದ ಅಡಿಯಲ್ಲಿ ಎರಡು ಕೊಂಡಿಗಳಲ್ಲಿ ಒಂದು ಕಪ್ಪಗೆ ಉಬ್ಬಿ, ಕಬ್ಬಿಣದ ಚೌಕಟ್ಟಿಗೆ ಅಂಟಿಕೊಂಡಿತ್ತು. ಅದರ ಕೆಳಗೇ ನಾವು ಎಸೆಯಲು ಮರೆತ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ನನ್ನ ಮೇಜು ಇರುವುದು ಸರಿಯಾಗಿ ಅದರ ಕೆಳಗಿನ ಕೋಣೆಯಲ್ಲಿ.

ನನ್ನ ತಂಗಿಯ ಮಗಳು ನನ್ನ ಕೈ ಹಿಡಿದುಕೊಂಡಳು.

“ಕೆಲಸ ಶುರು ಮಾಡೋ ಮುಂಚೆ ಮನೆ ಯಜಮಾನರಿಗೆ ಫೋನ್ ಮಾಡಿ ತಿಳಿಸಿರಬೇಕು. ನಿಯಮ” ಎಂದರು ಅಧಿಕಾರಿ. ನಗುತ್ತಿರಲಿಲ್ಲ. ನಾನು ಅಲ್ಲಿಂದಲೇ ನನ್ನ ಪಕ್ಕದಲ್ಲಿ ನಿಂತವಳಿಗೆ ಫೋನ್ ಮಾಡಿದೆ.

“ಹಲೋ, ಸೋಲಾರ್ ಕಂಪನಿಯಿಂದ ಮಾತಾಡ್ತಿದೀನಮ್ಮ. ನಿಮ್ಮ ತಾರಸಿ ಮೇಲೆ ನಮ್ಮಿಂದ ಒಂದು ತಪ್ಪಾಗಿದೆ. ಪುಕ್ಕಟೆಯಾಗಿ ಸರಿ ಮಾಡಿಕೊಡ್ತೀವಿ.”

“ಪುಕ್ಕಟೆನಾ?” ಎಂದಳು ಅವಳು, ನನ್ನ ಕೈ ಬಿಡದೆ. “ಇದರಲ್ಲಿ ಏನೋ ಮೋಸ ಇದೆ.”

ಈಗ ಅಧಿಕಾರಿ ನಕ್ಕರು.

ಕ್ಲಿಕ್ ಸ್ವಿಚ್ಚು ಆರಿಸಿದ, ಮೀಟರು ಹಿಡಿದು ನೋಡಿದ, ಎರಡು ಕೊಂಡಿಗಳನ್ನೂ ತೆಗೆದು ಹೊಸವನ್ನು ಹಾಕಿದ. ಕೂರಿಸುವ ಮೊದಲು ಪ್ರತಿಯೊಂದರ ಎರಡು ಅರ್ಧಗಳ ಮೇಲಿನ ಹೆಸರನ್ನೂ ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಓದಿದ. ಸದ್ದು ಬಂತು. ಅವನು ಏಳಲಿಲ್ಲ. ಮೂರು ಸಲ ಎಳೆದು ನೋಡಿದ.

“ಮುಂದೆ ಸ್ಟಾಕ್ ಮುಗಿದ್ರೆ?” ಅಧಿಕಾರಿ ಕೇಳಿದರು.

“ಕೆಲಸ ನಿಲ್ಲಿಸ್ತೀನಿ ಮೇಡಂ.”

“ಗಿರಾಕಿ ಬೈದ್ರೆ?”

“ಬೈಸ್ಕೋತೀನಿ. ಅಭ್ಯಾಸ ಇದೆ.”

ಅವರು ಚೀಲದಿಂದ ಕಾರ್ಡು ತೆಗೆದು ಅವನ ಕೈಗಿಟ್ಟರು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡುವಾಗ ನನಗೂ ಕಂಡಿತು. ಮೂಲೆಗಳು ಹರಿದು, ಅವನ ಫೋಟೋ ಅರ್ಧ ಎದ್ದುಬಂದಿದ್ದ ಹಳೆಯ ಕಾರ್ಡು ಅದು. ಈ ನಾಲ್ಕು ದಿನದಲ್ಲಿ ಯಾವಾಗಲೋ ಅವರು ಫೋಟೋ ಅಂಟಿಸಿ, ಅದಕ್ಕೆ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದರು. ರದ್ದು ಮಾಡಬೇಕೆಂದಿರುವ ಕಾರ್ಡಿಗೆ ಯಾರೂ ಹೊದಿಕೆ ಹಾಕಿಸುವುದಿಲ್ಲ.