ತಿರುವಿನ ಮನೆಯ ಹಿತ್ತಲು

ನಗರದ ಅಂಚಿನ ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಬಗೆ: ಮುಂದೆ ಹುಲ್ಲು, ಹಿಂದೆ ಹಿತ್ತಲು, ನಡುವೆ ದೊಡ್ಡ ಮನೆ. ಬೇರೆ ಬಗೆಯದನ್ನು ಕಟ್ಟಲು ನಿಯಮ ಬಿಡುತ್ತಿರಲಿಲ್ಲ. ಆದರೆ ರೈಲು ಬಂದ ಮೇಲೆ ಜನ ಹೆಚ್ಚಿದರು. ಟೀಚರುಗಳಿಗೆ, ನರ್ಸುಗಳಿಗೆ ಅಲ್ಲಿ ತಲೆ ತೂರಿಸಲೂ ಜಾಗ ಸಿಗದಂತಾಯಿತು. ನಿಯಮ ಬದಲಿಸುವ ಹೊಣೆ ಯೋಜನಾ ಕಚೇರಿಯ ಅಧಿಕಾರಿಣಿಯೊಬ್ಬಳ ಹೆಗಲಿಗೆ ಬಿತ್ತು. ಜನ ಅವಳನ್ನು ಪ್ಲಾನಮ್ಮ ಎಂದೇ ಕರೆಯುತ್ತಿದ್ದರು.

ಪ್ಲಾನಮ್ಮ ಕಚೇರಿಯ ಹಜಾರದಲ್ಲಿ ಬಡಾವಣೆಯ ಮಾದರಿಯೊಂದನ್ನು ಮಾಡಿಸಿ ಇಟ್ಟಳು. ಪಕ್ಕದ ಬುಟ್ಟಿಯಲ್ಲಿ ಮರದ ತುಂಡುಗಳು: ಸಾಲುಮನೆ, ಫ್ಲ್ಯಾಟು, ಹಿತ್ತಲಿನಲ್ಲಿ ಕಟ್ಟಬಹುದಾದ ಪುಟ್ಟ ಮನೆ. 'ಎಲ್ಲಿ ಏನು ಬರಬೇಕು ಅನ್ನಿಸುತ್ತದೋ ಅಲ್ಲಿಡಿ' ಎಂದು ಬೋರ್ಡು ಹಾಕಿದಳು.

ಬಂದವರಲ್ಲಿ ಹೆಚ್ಚಿನವರು ಮೂಗು ಮುರಿದು ಹೋದರು. ಎಲ್ಲರಿಗಿಂತ ಜೋರಾಗಿ ಎಗರಾಡಿದವರು ನಿವೃತ್ತ ಡ್ರೈವಿಂಗ್ ಮೇಷ್ಟ್ರು. ಪ್ರತಿ ಸಭೆಯಲ್ಲೂ ಎದ್ದು "ಬೇಡ" ಎನ್ನುತ್ತಿದ್ದ ಅವರಿಗೆ ಬೇಡಪ್ಪ ಎಂಬ ಹೆಸರೇ ಅಂಟಿಕೊಂಡಿತ್ತು.

ವಿಚಿತ್ರವೆಂದರೆ, ಆ ಮಾದರಿಯಲ್ಲಿ ಬೀದಿಯ ತಿರುವಿನಲ್ಲಿದ್ದ ಆ ಬೇಡಪ್ಪನವರ ಹಿತ್ತಲಲ್ಲೇ ಯಾರೋ ದಿನಾ ಒಂದು ಪುಟ್ಟ ಮನೆ ಇಟ್ಟು ಹೋಗುತ್ತಿದ್ದರು. ಕೀಟಲೆಯೆಂದುಕೊಂಡು ಪ್ಲಾನಮ್ಮ ಬೆಳಗ್ಗೆ ಅದನ್ನು ಬುಟ್ಟಿಗೆ ಹಾಕಿದರೆ, ಸಂಜೆಯೊಳಗೆ ಮತ್ತೆ ಅಲ್ಲೇ ಹಾಜರು. ಯಾರಿರಬಹುದು? ಅವಳಿಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕಂಬದ ಮರೆಯಲ್ಲಿ ಕೂತಳು.

ನರೆಗೂದಲಿನ ಹೆಂಗಸೊಬ್ಬರು ಬಂದರು. ಬುಟ್ಟಿ ತಡಕಿ, ಪುಟ್ಟ ಮನೆ ಆರಿಸಿ, ಹಿತ್ತಲಿನ ಬೇಲಿಗೆ ಒತ್ತಿ ಇಟ್ಟರು.

"ಅಮ್ಮಾ, ಅದು ಬೇಡಪ್ಪ... ಅಲ್ಲ, ಮೇಷ್ಟ್ರ ಮನೆ."

"ಗೊತ್ತಮ್ಮ. ನಾನು ಅವರ ಹೆಂಡ್ತಿ."

ಪ್ಲಾನಮ್ಮನ ಬಾಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಹೆಂಗಸು ನಕ್ಕುಬಿಟ್ಟರು. "ಜಗಳ ಆಡ್ಕೊಂಡು ಬಿಟ್ಟೋಗಿಲ್ಲ. ಒಂದೇ ಸೂರಿನ ಕೆಳಗೆ ಆಗಲ್ಲ, ಅಷ್ಟೆ. ನಾನು ಬಟ್ಟೆ ಹೊಲಿಯೋಳು, ನಂಗೆ ಸದ್ದು ಆಗಲ್ಲ. ಅವರಿಗೆ ಬಚ್ಚಲಲ್ಲೂ ರೇಡಿಯೋ ಬೇಕು. ರೈಲಲ್ಲಿ ಬಂದು ಹೋಗೋ ದೂರದಲ್ಲಿ ತಂಗಿ ಮನೇಲಿದ್ದೀನಿ. ಈ ಬಡಾವಣೇಲಿ ಒಬ್ಬಳೇ ಇರೋ ಅಷ್ಟು ಮನೆ ಒಂದಾದ್ರೂ ಇದ್ಯಾ, ನೀನೇ ಹೇಳಮ್ಮ?"

"ಮೇಷ್ಟ್ರನ್ನ ಕೇಳಿದ್ರಾ?"

"ಕೇಳಿದ್ರೆ ಏನಂತಾರೆ? ಬೇಡ ಅಂತಾರೆ."

ಅವರು ಹೋದ ಮೇಲೆ ಪ್ಲಾನಮ್ಮ ತುಂಡನ್ನು ಮುಟ್ಟಲಿಲ್ಲ. ಮರುದಿನ ನೋಡಿದರೆ ಅದು ಬೇಲಿ ಬಿಟ್ಟು ಹಿತ್ತಲಿನ ಇನ್ನೊಂದು ಮೂಲೆಗೆ ಸರಿದಿತ್ತು. ಇದು ಯಾರ ಕೈವಾಡ? ಆ ಸಂಜೆ ಎಲ್ಲರೂ ಮನೆಗೆ ಹೊರಟರೂ ಅವಳು ಕದಲಲಿಲ್ಲ.

ಬಂದವರು ಸ್ವತಃ ಬೇಡಪ್ಪನವರು! ಬಗ್ಗಿ ಒಂದು ಕಣ್ಣು ಮುಚ್ಚಿ, ತುಂಡನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಿದ್ದರು.

"ಏನ್ ಸಾರ್, ಬೇಡ ಅಂತಿದ್ರಿ?"

ಅವರ ಕಿವಿ ಕೆಂಪಾಯಿತು. "ನಾನು ಬೇಡ ಅಂದಿದ್ದು ಫ್ಲ್ಯಾಟಿಗೆ ಕಣಮ್ಮ. ಇದರ ಬಗ್ಗೆ ನನ್ನ ಯಾರು ಕೇಳಿದ್ರು? ಬೇಲಿ ಹತ್ರ ಮರದ ನೆರಳು. ಸೂಜಿಗೆ ದಾರ ಪೋಣಿಸೋಕೆ ಬೆಳಕು ಬೇಡ್ವಾ ಅವಳಿಗೆ?"

"ಅವರೇ ಇಡ್ತಿದಾರೆ ಅಂತ ಹೇಗೆ ಗೊತ್ತಾಯ್ತು?"

"ದಿನಾ ಬಂದು ನೋಡ್ತಿದ್ದೆ. ನೀನು ಬುಟ್ಟಿಗೆ ಹಾಕಿದಷ್ಟೂ ಮತ್ತೆ ಇಡೋ ಹಠ ಇನ್ಯಾರಿಗಿದೆ?"

ಮುಂದಿನ ಸಭೆಯಲ್ಲಿ ಅವರು ಎದ್ದಾಗ, ಮಾಮೂಲಿ ಮಾತೇ ಎಂದು ಜನ ಆಕಳಿಸಿದರು. "ಹಿತ್ತಲಲ್ಲಿ ಪುಟ್ಟ ಮನೆ ಕಟ್ಟೋಕೆ ಬಿಡಿ. ನನ್ನ ಹೆಂಡ್ತಿ ವಾಪಸ್ ಬರಬೇಕು" ಎಂದಷ್ಟೇ ಹೇಳಿ ಕೂತರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ನರ್ಸು ಎದ್ದಳು, ಗಾಲಿಕುರ್ಚಿಯಲ್ಲಿ ಓಡಾಡುವ ಮಗನಿದ್ದ ತಂದೆಯೊಬ್ಬ ಎದ್ದ. ಅಷ್ಟು ದಿನ ಕೇಳಿರದ ಬದುಕುಗಳೆಲ್ಲ ಒಂದೊಂದಾಗಿ ಬಾಯಿ ಬಿಟ್ಟವು. ಪ್ಲಾನಮ್ಮ ಬರೆದುಕೊಳ್ಳುವುದನ್ನೂ ಮರೆತು ಕೇಳುತ್ತ ಕೂತಳು. ಕೊನೆಗೆ ಹಿತ್ತಲ ಮನೆಗಳಿಗೂ ಸ್ಟೇಷನ್ ರಸ್ತೆಯ ಸಾಲುಮನೆ, ಫ್ಲ್ಯಾಟುಗಳಿಗೂ ಒಪ್ಪಿಗೆ ಸಿಕ್ಕಿತು. ಫ್ಲ್ಯಾಟಿಗೆ ಮಾತ್ರ ಮೇಷ್ಟ್ರು ಕೈ ಎತ್ತಲಿಲ್ಲ.

ಪುಟ್ಟ ಮನೆ ಎದ್ದಿತು. ಅದರ ಬಾಗಿಲು ದೊಡ್ಡ ಮನೆಯ ಕಡೆಗಿರದೆ ಪಕ್ಕದ ಓಣಿಯ ಕಡೆಗಿತ್ತು. ಅದು ಹೆಂಡತಿಯ ಷರತ್ತು. ಪ್ಲಾನಮ್ಮ ತಪಾಸಣೆಗೆ ಹೋಗಿ ಗೋಡೆ ಅಳೆಯುತ್ತಿದ್ದಾಗ ಕರೆಗಂಟೆ ಸದ್ದಾಯಿತು.

"ಯಾರು?"

"ನಾನೇ ಕಣೇ."

"ಫೋನ್ ಮಾಡ್ಕೊಂಡು ಬನ್ನಿ ಅಂತ ಹೇಳಿರ್ಲಿಲ್ವೇನ್ರೀ?"

"ಮಾಡ್ದೆ. ನೀನು ಎತ್ಲಿಲ್ಲ."

ಹೆಂಡತಿ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಮುಂಗುರುಳು ಸರಿಪಡಿಸಿಕೊಂಡು, ಬಾಗಿಲು ತೆಗೆಯಲು ಹೋದರು.